ಅರ್ಥ್ ಸಡಿಲವಾದರೆ ಅರ್ಥ ಆಗೋದಾದ್ರೂ ಹೇಗೆ?

ಕಳೆದ ಸಲ ಮಿಕ್ಸಿ ರಿಪೇರಿ ಬಗ್ಗೆ ಬರೆದಾಗ ‘ನಮ್ಮನೇಲೂ ಹೀಗೇ ಆಗಿತ್ತು’ ಅಂತ ಹಲವರು ಬರೆದಿದ್ದಿರಿ. ಈ ಸಲ ಮಿಕ್ಸಿಗಿಂತ ದೊಡ್ಡ ಯಂತ್ರ. ಅಪ್ಪನ ಕಾರು. 2004ರಲ್ಲಿ ಕೊಂಡಿದ್ದು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೆ ಇನ್ನೊಮ್ಮೆ ನೋಂದಣಿ ನವೀಕರಿಸಿಕೊಂಡು ಇವತ್ತಿಗೂ ನಮ್ಮ ದಟ್ಟಗಳ್ಳಿ ಮನೆಯ ಮುಂದೆ ಹೊಂಗೆ ಮರದ ಕೆಳಗೆ ನಿಂತಿದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಈಗ ಎಪ್ಪತ್ತೊಂದು. ಪ್ರತಿ ಶನಿವಾರ ಸಂಜೆ ಅಮ್ಮನನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ದೊಡ್ಡಮ್ಮನನ್ನು ನೋಡಿಕೊಂಡು ಬರೋದು ಅವರ ಪದ್ಧತಿ. ದೊಡ್ಡಮ್ಮ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲಂತೂ ಅಮ್ಮ ಒಂದು ವಾರವೂ ತಪ್ಪಿಸಿದವಳಲ್ಲ.

ಜೂನ್‌ನಲ್ಲಿ ಒಂದು ಶನಿವಾರ ರಾತ್ರಿ ಅಪ್ಪ ವಾಪಸು ಬಂದು, ‘ಪುಟ್ಟಿ, ಗಾಡಿ ಹೀಟ್ ಆಗ್ತಿದೆ ಕಣೆ. ಮುಳ್ಳು ಕೆಂಪು ಗೆರೆ ಹತ್ರ ಹೋಗ್ಬಿಡ್ತು’ ಅಂದರು. ಮಾರನೇ ದಿನ ಗ್ಯಾರೇಜಿಗೆ ಬಿಟ್ಟೆವು. ರೇಡಿಯೇಟರ್ ತೊಳೆದು ಕೂಲೆಂಟ್ ಬದಲಿಸಿದರು. ಎರಡು ವಾರದ ಮೇಲೆ ಮತ್ತೆ ಅದೇ ದೂರು. ಈ ಸಲ ಥರ್ಮೋಸ್ಟಾಟ್. ಮತ್ತೆ ಅದೇ. ಆಮೇಲೆ ಟೆಂಪರೇಚರ್ ಸೆನ್ಸರ್ರೇ ಬದಲಾಯಿತು. ಎಲ್ಲ ಸೇರಿ ಆರು ಸಾವಿರಕ್ಕೂ ಮೇಲೆ. ಪ್ರತಿ ಸಲವೂ ಗ್ಯಾರೇಜಿನವರು ‘ನಾವು ಓಡ್ಸಿ ನೋಡಿದ್ವಿ ಮೇಡಂ, ಏನೂ ಇಲ್ಲ’ ಅಂತಲೇ ಕೀ ಕೊಟ್ಟರು.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಅಪ್ಪ ಕಡಕೊಳದವರೆಗೆ ಹೋಗಿ ಮುಳ್ಳು ನೋಡಿ ಹೆದರಿ, ಅರ್ಧ ಗಂಟೆ ರಸ್ತೆ ಪಕ್ಕ ನಿಲ್ಲಿಸಿ, ವಾಪಸು ಬಂದುಬಿಟ್ಟರು. ಅಮ್ಮನ ಮಡಿಲಲ್ಲಿ ದೊಡ್ಡಮ್ಮನಿಗೆಂದು ಮಾಡಿದ ಹೆಸರುಬೇಳೆ ಪಾಯಸದ ಡಬ್ಬಿ ಹಾಗೇ ಇತ್ತು. ಪುಣೆಯಲ್ಲಿರುವ ಅಣ್ಣ ಫೋನಿನಲ್ಲಿ, ‘ಸಾಕು ಬಿಡು, ಗಾಡಿ ಮಾರಿಬಿಡೋಣ. ಅಪ್ಪಂಗೂ ಕಣ್ಣು ಮೊದಲಿನ ಹಾಗಿಲ್ಲ’ ಅಂದ.

ಆ ಭಾನುವಾರ ಬೆಳಗ್ಗೆ ನಾನೇ ಕಾರು ತೆಗೆದುಕೊಂಡು ಚಾಮುಂಡಿ ಬೆಟ್ಟ ಹತ್ತಿಸಿದೆ. ಇಂಜಿನ್‌ಗೆ ಬೆಟ್ಟಕ್ಕಿಂತ ಕಷ್ಟದ ಪರೀಕ್ಷೆ ನಮ್ಮೂರಲ್ಲಿ ಯಾವುದಿದೆ? ಎರಡನೇ ಗೇರಿನಲ್ಲಿ, ಹನ್ನೊಂದು ಗಂಟೆ ಬಿಸಿಲಲ್ಲಿ ಹತ್ತಿದರೂ ಮುಳ್ಳು ಅರ್ಧದಿಂದ ಕದಲಲಿಲ್ಲ. ಮನೆಗೆ ಬಂದು, ‘ಅಪ್ಪ, ಗಾಡಿಗೆ ಏನೂ ಆಗಿಲ್ಲ. ಕತ್ತಲಲ್ಲಿ ನಿಮಗೆ ಹಾಗೆ ಕಂಡಿರಬೇಕು’ ಅಂದೆ.

ಅಪ್ಪ ವಾದ ಮಾಡಲಿಲ್ಲ. ‘ಇರಬಹುದು’ ಅಂದು ಕೀಲಿಯನ್ನು ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದರು. ಮುಂದಿನ ಶನಿವಾರ ಅಮ್ಮ ಬಸ್ಸಿನಲ್ಲಿ ಹೋದಳು. ಅದರ ಮುಂದಿನ ಶನಿವಾರವೂ.

ನಾನು ಕೆಲಸ ಮಾಡೋದು ಸಾಫ್ಟ್‌ವೇರ್‌ನಲ್ಲಿ. ಬಳಕೆದಾರರು ‘ಇದು ಕೆಲಸ ಮಾಡ್ತಿಲ್ಲ’ ಅಂದಾಗ ‘ನನ್ನ ಮಷೀನಲ್ಲಿ ಸರಿಯಾಗಿದೆಯಲ್ಲ’ ಅನ್ನೋದು ನಮ್ಮ ವೃತ್ತಿಯ ಹಳೇ ಜೋಕು. ಹೊಸದಾಗಿ ಸೇರಿದ ಹುಡುಗರು ಹಾಗಂದರೆ ನಾನೇ ಬೈಯ್ಯುತ್ತೇನೆ. ಮನೆಯಲ್ಲಿ ಅಪ್ಪನಿಗೆ ನಾನು ಹೇಳಿದ್ದು ಅದೇ ಮಾತು ಅನ್ನೋದು ಹೊಳೆಯಲು ಮೂರು ವಾರ ಬೇಕಾಯಿತು.

ಅದೂ ತಾನಾಗಿ ಹೊಳೆದದ್ದಲ್ಲ. ಕಾರಿನ ವಿಮೆ ಕಾಗದ ಹುಡುಕುತ್ತಾ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಕೈ ಹಾಕಿದಾಗ ಅಪ್ಪನ ಪೆಟ್ರೋಲ್ ಲೆಕ್ಕದ ಪುಟ್ಟ ಪುಸ್ತಕ ಸಿಕ್ಕಿತು. ತಾರೀಕು, ಕಿಲೋಮೀಟರ್, ಲೀಟರ್, ರೂಪಾಯಿ, ಹೀಗೆ ಗೆರೆ ಎಳೆದ ಕಾಲಂಗಳು. ಜೂನ್‌ನಿಂದ ಒಂದು ಹೊಸ ಕಾಲಂ ಸೇರಿತ್ತು: ‘ಮುಳ್ಳು’. ಅದರ ಕೆಳಗೆ ಅಪ್ಪನ ದುಂಡಗಿನ ಅಕ್ಷರದಲ್ಲಿ:

‘ಹಗಲು, ಅರ್ಧ. ಲೈಟು ಹಾಕಿದ ಮೇಲೆ ಮುಕ್ಕಾಲು. ಲೈಟು, ಫ್ಯಾನು, ಹಿಂದಿನ ಗಾಜಿನ ಹೀಟರು ಮೂರೂ ಹಾಕಿದರೆ ಕೆಂಪು ಗೆರೆ. ಆರಿಸಿದರೆ ಅರ್ಧ. ಪೆಟ್ರೋಲ್ ಮುಳ್ಳು ಅಲುಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಸ್ವಲ್ಪ ಸೋಮಾರಿ.’

ನಾನು ಕಾರಿನಲ್ಲೇ ಕೂತು ಆ ಸಾಲುಗಳನ್ನು ಎರಡು ಸಲ ಓದಿದೆ. ಒಬ್ಬ ಬಳಕೆದಾರ ಇದಕ್ಕಿಂತ ಚೆನ್ನಾಗಿ ದೂರು ಬರೆಯೋದು ಸಾಧ್ಯವೇ ಇಲ್ಲ. ಯಾವಾಗ ಆಗುತ್ತೆ, ಯಾವಾಗ ಆಗಲ್ಲ, ಏನು ಮಾಡಿದರೆ ಹೆಚ್ಚುತ್ತೆ, ಯಾವುದು ಸರಿಯಾಗಿದೆ, ಎಲ್ಲ ಇದೆ. ನಾನು ಬೆಟ್ಟ ಹತ್ತಿಸಿದ್ದು ಹಗಲು ಹನ್ನೊಂದಕ್ಕೆ. ಲೈಟು ಹಾಕಿರಲೇ ಇಲ್ಲ.

ಅಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ, ಮುಳ್ಳು ಅರ್ಧಕ್ಕೆ ಬರುವವರೆಗೆ ಕಾದು, ಹೆಡ್‌ಲೈಟ್ ಹಾಕಿದೆ. ಮುಳ್ಳು ನೋಡ್ತಾ ನೋಡ್ತಾ ಮುಕ್ಕಾಲಿಗೆ ಹೋಯಿತು. ಫ್ಯಾನು, ಹಿಂದಿನ ಗಾಜಿನ ಹೀಟರು ಒತ್ತಿದೆ. ಕೆಂಪು ಗೆರೆ. ಎಲ್ಲ ಆರಿಸಿದೆ. ಅರ್ಧ.

ಇಲ್ಲಿ ಒಂದು ಚಿಕ್ಕ ಲೆಕ್ಕ. ನಮ್ಮ ಕಾರಿನಂಥ ಸಣ್ಣ ಗಾಡಿಯ ಕೂಲಿಂಗ್ ವ್ಯವಸ್ಥೆಯಲ್ಲಿ ಸುಮಾರು ಐದು ಲೀಟರ್ ನೀರು ಮತ್ತು ಕೂಲೆಂಟ್ ಇರುತ್ತೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೌಲ್ ಬೇಕು. ಐದು ಲೀಟರನ್ನು 20 ಡಿಗ್ರಿ ಏರಿಸಲು 420 ಕಿಲೋಜೌಲ್. ಬಚ್ಚಲುಮನೆಯ 2 ಕಿಲೋವಾಟ್ ಗೀಸರ್ ಇದಕ್ಕೆ ಮೂರೂವರೆ ನಿಮಿಷ ತೆಗೆದುಕೊಳ್ಳುತ್ತೆ. ಎರಡೇ ಸೆಕೆಂಡಿನಲ್ಲಿ ಆಗಬೇಕೆಂದರೆ ನೂರು ಗೀಸರ್ ಒಟ್ಟಿಗೆ ಹಾಕಬೇಕು! ಅಂದರೆ ಮುಳ್ಳು ಹಾರುತ್ತಿರೋದು ಬಿಸಿಯಿಂದಲ್ಲ, ವಿದ್ಯುತ್ತಿನಿಂದ. ನೀರಿಗೆ ಜಿಗಿಯೋಕೆ ಬರಲ್ಲ. ನಿಧಾನವಾಗಿ ಏರುವ ಮುಳ್ಳನ್ನು ನಂಬಿ, ಜಿಗಿಯುವ ಮುಳ್ಳನ್ನು ಅನುಮಾನಿಸಿ ಅನ್ನೋದು ಮೊದಲ ಪಾಠ.

ಆದರೂ ಖಾತ್ರಿ ಬೇಕಲ್ಲ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಹಣೆಗೆ ಹಿಡಿಯುವ ಜ್ವರದ ಗನ್ ಹಿಡಿದರೆ ಅದು ‘ಹೈ’ ಅಂತ ಕೂಗಿ ಸುಮ್ಮನಾಯಿತು. ಪಾಪ, ಅದಕ್ಕೆ ಮನುಷ್ಯರ ಜ್ವರದ ಆಚೆ ಏನೂ ಗೊತ್ತಿಲ್ಲ. ಕಾಲೇಜಿನ ಕಾಲದ ಮಲ್ಟಿಮೀಟರಿಗೆ ಉಷ್ಣತೆ ಅಳೆಯುವ ತಂತಿಯೂ ಇತ್ತು. ಇಂಜಿನ್ ಆರಿಸಿದ್ದಾಗಲೇ ಅದನ್ನು ಥರ್ಮೋಸ್ಟಾಟ್ ಮೇಲಿನ ಲೋಹದ ಮುಚ್ಚಳಕ್ಕೆ ಟೇಪಿನಿಂದ ಅಂಟಿಸಿ, ಮತ್ತೆ ಸ್ಟಾರ್ಟ್ ಮಾಡಿದೆ. ಮುಳ್ಳು ಕೆಂಪು ಗೆರೆಯಲ್ಲಿದ್ದಾಗಲೂ ಮೀಟರ್ 86 ಡಿಗ್ರಿ ತೋರಿಸುತ್ತಿತ್ತು. ಇಂಜಿನ್ ತಣ್ಣಗೆ ತನ್ನ ಪಾಡಿಗೆ ಇತ್ತು. ಸುಳ್ಳು ಹೇಳುತ್ತಿದ್ದದ್ದು ಮುಳ್ಳು.

ಈ ಮುಳ್ಳು ಕೆಲಸ ಮಾಡೋದು ಹೀಗೆ. ಇಂಜಿನ್‌ಗೆ ತಿರುಪಿ ಕೂರಿಸಿದ ಸೆನ್ಸರ್ ಒಳಗೆ ಬಿಸಿಯಾದಷ್ಟೂ ರೋಧ ಕಡಿಮೆಯಾಗುವ ಒಂದು ಬಿಲ್ಲೆ ಇರುತ್ತೆ. ತಣ್ಣಗಿದ್ದಾಗ ನೂರಾರು ಓಮ್, ಬಿಸಿಯಾದಾಗ ಕೆಲವು ಹತ್ತು ಓಮ್. ಮೀಟರ್ ಬೋರ್ಡಿನಿಂದ ಒಂದೇ ಒಂದು ವೈರು ಬಂದು ಈ ಸೆನ್ಸರ್‌ಗೆ ಸೇರುತ್ತೆ. ಹೆಚ್ಚು ಕರೆಂಟ್ ಹರಿದರೆ ಮುಳ್ಳು ‘ಬಿಸಿ’ ಅನ್ನುತ್ತೆ. ಹಾಗಾದರೆ ವಾಪಸು ಹೋಗುವ ವೈರು ಎಲ್ಲಿ? ಇಲ್ಲ. ಮನೆಯಲ್ಲಿ ಫೇಸ್, ನ್ಯೂಟ್ರಲ್ ಅಂತ ಎರಡು ಇದ್ದ ಹಾಗೆ ಕಾರಿನಲ್ಲಿಲ್ಲ. ಇಂಜಿನ್ನಿನ ಲೋಹ, ಗಾಡಿಯ ತಗಡು, ಇವೇ ವಾಪಸು ದಾರಿ. ನಮ್ಮ ಕಡೆ ಮೆಕ್ಯಾನಿಕ್‌ಗಳು ಅದನ್ನು ಬಾಡಿ ಅರ್ಥ್ ಅನ್ನುತ್ತಾರೆ. ಆದರೆ ಇಂಜಿನ್ ಕೂತಿರೋದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹೋಗಲ್ಲ. ಅದಕ್ಕೇ ಬಾಡಿಯಿಂದ ಇಂಜಿನ್‌ಗೆ ಜಡೆ ಹೆಣೆದ ಹಾಗಿರುವ ಒಂದು ದಪ್ಪ ತಾಮ್ರದ ಪಟ್ಟಿ ಬಿಗಿದಿರುತ್ತಾರೆ.

ಇಲ್ಲಿಯವರೆಗೆ ನನಗೂ ಹೊಳೆದಿತ್ತು. ಪೆಟ್ರೋಲ್ ಮುಳ್ಳು ಅಲುಗಿಲ್ಲ ಅಂತ ಅಪ್ಪ ಬರೆದಿದ್ದರಲ್ಲ. ಮೀಟರ್ ಬೋರ್ಡಿನದೇ ದೋಷವಾಗಿದ್ದರೆ ಎರಡೂ ಮುಳ್ಳು ಒಟ್ಟಿಗೆ ಕುಣಿಯಬೇಕಿತ್ತು. ಪೆಟ್ರೋಲ್ ಟ್ಯಾಂಕಿನ ಸೆನ್ಸರ್ ವಾಪಸು ದಾರಿ ನೇರ ಬಾಡಿಗೆ, ಇಂಜಿನ್ ಕಡೆಯದರ ದಾರಿ ಇಂಜಿನ್ ಮೂಲಕ. ಹಾಗಾಗಿ ಇಂಜಿನ್ ಅರ್ಥ್ ಮೇಲೆ ಅನುಮಾನ ಬಂತು. ಮಲ್ಟಿಮೀಟರನ್ನು ‘ಬೀಪ್’ಗೆ ಇಟ್ಟು, ಇಂಜಿನ್ ಆರಿಸಿ, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್‌ಗೆ ಮುಟ್ಟಿಸಿದೆ. ಜೋರಾಗಿ ಬೀಪ್ ಅಂತು. ಅರ್ಥ್ ಸರಿಯಾಗಿದೆ ಅಂತ ತೀರ್ಮಾನಿಸಿ ಇಡೀ ಶನಿವಾರ ಮೀಟರ್ ಬೋರ್ಡಿನ ಹಿಂದಿನ ವೈರುಗಳಲ್ಲಿ ಕಳೆದೆ. ಎರಡು ಕ್ಲಿಪ್ ಮುರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಕೊನೆಗೆ ಅಪ್ಪನೇ, ‘ಅಗ್ರಹಾರದ ಕಡೆ ಒಬ್ಬರು ವೈರಿಂಗ್ ಮಾಡೋರಿದ್ದಾರೆ, ಹಳಬರು. ತೋರಿಸೋಣ್ವಾ?’ ಅಂದರು. ಅಪ್ಪ ತಾವಾಗಿ ಕಾರಿನ ಮಾತೆತ್ತಿದ್ದು ಎಷ್ಟೋ ದಿನದ ಮೇಲೆ. ಹೋದೆವು. ಕೀಲಿ ನಾನು ಅಪ್ಪನ ಕೈಗೇ ಕೊಟ್ಟೆ.

ಆ ಹಿರಿಯರು ಹುಡುಗರಾಗಿದ್ದಾಗ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತೆ. 1996ರಲ್ಲಿ ಅದು ಬಾಗಿಲು ಹಾಕಿದ ಮೇಲೆ ಈ ಸಣ್ಣ ಅಂಗಡಿ. ನಾನು ನಡೆದದ್ದನ್ನೆಲ್ಲ ಹೇಳಿ, ಅರ್ಥ್ ಆಗಲೇ ನೋಡಿದ್ದೇನೆ, ಬೀಪ್ ಬಂತು ಅಂದೆ. ಅವರು ನಕ್ಕರು. ‘ಬೀಪ್ ಯಾಕೆ ಬರಲ್ಲ ಮೇಡಂ? ಒಂದೆಳೆ ತಾಮ್ರ ಉಳಿದಿದ್ರೂ ಬೀಪ್ ಬರುತ್ತೆ. ಬಾಗಿಲಲ್ಲಿ ಒಬ್ಬ ತೂರಬಹುದಾ ಅಂತ ನೋಡಿದ್ದೀರಿ. ದಸರಾ ದಿನದ ಜನ ತೂರಬಹುದಾ ಅಂತ ನೋಡಬೇಕು.’

ಅವರು ಮಾಡಿದ್ದನ್ನು ನಿಮಗೂ ಉಪಯೋಗವಾಗಲಿ ಅಂತ ಬಿಡಿಸಿ ಬರೆಯುತ್ತೇನೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟರು. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ, ಕ್ಲಾಂಪಿನ ಮೇಲಲ್ಲ. ಕೆಂಪು ಕಡ್ಡಿ ಇಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. ಎರಡೂ ನೆಗೆಟಿವ್ ಬದಿಯೇ ಆದ್ದರಿಂದ ಹೆಚ್ಚುಕಡಿಮೆ ಸೊನ್ನೆ ಬರಬೇಕು. 0.1, ಹೆಚ್ಚೆಂದರೆ 0.2 ವೋಲ್ಟ್ ಪರವಾಗಿಲ್ಲ. ಇಂಜಿನ್ ಚಾಲೂ ಮಾಡಿದರು: ಮೈನಸ್ 0.2. ಅಪ್ಪನಿಗೆ ‘ಮೇಷ್ಟ್ರೇ, ಲೈಟ್ ಹಾಕಿ’ ಅಂದರು: ಮೈನಸ್ 0.5. ‘ಫ್ಯಾನು, ಹಿಂದಿನ ಗಾಜು’: ಮೈನಸ್ 0.9. ಅಪ್ಪನ ಪುಸ್ತಕದ ಮೂರು ಸಾಲು, ಮೀಟರಿನ ಮೂರು ಅಂಕಿ. ಆಮೇಲೆ ಇಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಹೊಡೆಯಲು ಹೇಳಿದರು. ಸೆಲ್ಫ್ ತಿರುಗುವ ಆ ಗಳಿಗೆಯಲ್ಲಿ ಅಂಕಿ ಪ್ಲಸ್ ಆಗಿ ಎರಡು ವೋಲ್ಟ್ ದಾಟಿತು. ಕೊನೆಗೆ ಕೆಂಪು ಕಡ್ಡಿಯನ್ನು ಬಾಡಿಗೆ ಇಟ್ಟು ನೋಡಿದರು: 0.03. ಅಂದರೆ ಬ್ಯಾಟರಿಯಿಂದ ಬಾಡಿಗೆ ದಾರಿ ಸರಿ. ಬಾಡಿಯಿಂದ ಇಂಜಿನ್‌ಗೆ ದಾರಿ ಕೆಟ್ಟಿದೆ.

ಆ ಮೈನಸ್ ಯಾಕೆ ಅಂತ ಮನೆಗೆ ಬಂದು ಕಾಗದದ ಮೇಲೆ ಬರೆದುಕೊಂಡಾಗ ಪೂರ್ತಿ ತಿಳಿಯಿತು. ಇಂಜಿನ್ ಓಡುವಾಗ ಕರೆಂಟ್ ಕೊಡೋದು ಆಲ್ಟರ್ನೇಟರ್. ಅದು ಇಂಜಿನ್ ಮೇಲೇ ಕೂತಿದೆ. ಲೈಟು, ಫ್ಯಾನು ಎಲ್ಲ ಬಾಡಿಗೆ ಸೇರಿವೆ. ಅವು ಬಳಸಿದ ಕರೆಂಟ್ ಬಾಡಿಯಿಂದ ಇಂಜಿನ್‌ಗೆ ಆ ಪಟ್ಟಿಯ ಮೂಲಕವೇ ಮರಳಬೇಕು. ಪಟ್ಟಿ ಸಡಿಲವಾದರೆ ಇಂಜಿನ್ ಬಾಡಿಗಿಂತ 0.9 ವೋಲ್ಟ್ ಕೆಳಗಿಳಿಯುತ್ತೆ. ಸೆನ್ಸರ್‌ನ ಒಂದು ತುದಿ ಇಂಜಿನ್ ಜೊತೆ ಕೆಳಗಿಳಿದಾಗ ಅದರ ಮೂಲಕ ಹೆಚ್ಚು ಕರೆಂಟ್ ಎಳೆದ ಹಾಗಾಗುತ್ತೆ. ಮುಳ್ಳು ಅದನ್ನೇ ‘ಬಿಸಿ’ ಅಂತ ಓದುತ್ತೆ. ಬೆಳಗಿನ ಸೋಮಾರಿ ಸ್ಟಾರ್ಟ್‌ಗೂ ಇದೇ ಕಾರಣ. ಸೆಲ್ಫ್ ಮೋಟಾರಿಗೆ ಸೇರಬೇಕಾದ ಎರಡು ವೋಲ್ಟನ್ನು ಪಟ್ಟಿ ನುಂಗುತ್ತಿತ್ತು. ಇನ್ನು ನನ್ನ ಬೀಪ್ ವಿಷಯ. ಸುಮಾರು 30 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಅಂದರೆ ರೋಧ ಬರೀ 0.03 ಓಮ್. ನನ್ನ ಮೀಟರಿನ ಕಡ್ಡಿಗಳ ವೈರಿನ ರೋಧವೇ ಅದಕ್ಕಿಂತ ಹೆಚ್ಚು! ಅದಕ್ಕೆ ಕಾಣೋದಾದರೂ ಹೇಗೆ? ಭಾರ ಹೊರಿಸದೆ ಮಾಡಿದ ಪರೀಕ್ಷೆ ಯಾವಾಗಲೂ ಪಾಸು. ನಮ್ಮ ಆಫೀಸಿನಲ್ಲೂ ಅಷ್ಟೇ, ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆದಾಗಲೇ ಬಂಡವಾಳ ಬಯಲಾಗೋದು.

ಹಿರಿಯರು ಬ್ಯಾಟರಿ ತಟ್ಟೆ ತೆಗೆದು ತೋರಿಸಿದರು. ಗೇರ್‌ಬಾಕ್ಸ್ ಬೋಲ್ಟಿನ ಕೆಳಗೆ ಪಟ್ಟಿಯ ತುದಿ ಹಸಿರು ಕಿಲುಬು ಹಿಡಿದು ಕೂತಿತ್ತು. ಅರ್ಧ ಎಳೆಗಳು ಮುರಿದಿದ್ದವು. ಎರಡು ವರ್ಷದ ಹಿಂದೆ ಕ್ಲಚ್ ಬದಲಿಸುವಾಗ ಎಲ್ಲೋ ಬಿಚ್ಚಿದ ಪಟ್ಟಿಯನ್ನು ಮಣ್ಣು, ಎಣ್ಣೆ ಒರೆಸದೆ ಹಾಗೇ ಬಿಗಿದಿದ್ದರು. ‘ಇದನ್ನ ಹೀಗೇ ಬಿಟ್ರೆ ಕರೆಂಟ್ ಬೇರೆ ದಾರಿ ಹುಡುಕುತ್ತೆ. ಕ್ಲಚ್ ಕೇಬಲ್ಲೇ ಕಾದು ಹೋಗಿರೋ ಗಾಡಿ ನೋಡಿದ್ದೀನಿ’ ಅಂದರು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಹಳೇ ಪಟ್ಟಿ ತೆಗೆದು, ಎರಡೂ ಕಡೆ ಲೋಹ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ತೆಳ್ಳಗೆ ಗ್ರೀಸ್ ಸವರಿದರು. ಮತ್ತೆ ಎಲ್ಲ ಹಾಕಿ ಅಳೆದರೆ ಮೈನಸ್ 0.05. ಮುಳ್ಳು ಅರ್ಧದಲ್ಲಿ ಅಲ್ಲಾಡದೆ ನಿಂತಿತ್ತು. ಪಟ್ಟಿ, ಕೂಲಿ ಸೇರಿ 350 ರೂಪಾಯಿ.

‘ಹಳೇ ಜಾವಾದಲ್ಲಿ ಇದ್ದದ್ದೇ ಆರು ವೋಲ್ಟು’ ಅಂತ ಕೈ ಒರೆಸಿಕೊಳ್ಳುತ್ತಾ ಅಂದರು. ‘ಅದರಲ್ಲಿ ಒಂದು ವೋಲ್ಟ್ ಕಳೆದ್ರೆ ಆರರಲ್ಲಿ ಒಂದು ಪಾಲು ಹೋಯ್ತು. ಅದಕ್ಕೇ ನಮಗೆ ಮೊದಲ ದಿನವೇ ಕಲಿಸಿದ್ದು, ಅರ್ಥ್ ನೋಡು ಅಂತ. ಅರ್ಥ್ ಸರಿ ಇಲ್ದಿದ್ರೆ ಏನೂ ಅರ್ಥ ಆಗಲ್ಲ ಮೇಡಂ.’

ಅಪ್ಪ ನಕ್ಕರು. ಅವರು ನಗೋದನ್ನು ನೋಡಿ ಎಷ್ಟು ದಿನವಾಗಿತ್ತು ಅನ್ನೋದು ಆಗ ಗೊತ್ತಾಯಿತು.

ಹೊಸ ಕಾರುಗಳಲ್ಲಿ ಈ ತೊಂದರೆ ಬೇರೆ ರೂಪದ್ದು. ಸೆನ್ಸರ್‌ಗೆ ಎರಡು ವೈರು, ಅದು ಮಾತಾಡೋದು ಇಂಜಿನ್ ಕಂಪ್ಯೂಟರ್ ಜೊತೆ. ಅಲ್ಲಿಂದ ಮೀಟರ್ ಬೋರ್ಡಿಗೆ ಸುದ್ದಿ ಹೋಗೋದು ಕ್ಯಾನ್ ಅನ್ನುವ ಜಾಲದ ಮೂಲಕ. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ಏರ್ಪಾಡು ಅದು. ಮಧ್ಯೆ ನಮ್ಮಂಥ ಸಾಫ್ಟ್‌ವೇರ್‌ನವರ ಕೈಚಳಕವೂ ಇದೆ. ಎಷ್ಟೋ ಕಾರುಗಳಲ್ಲಿ ನೀರಿನ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಬರೆದಿರುತ್ತಾರೆ, ಓಡಿಸುವವರು ಗಾಬರಿಯಾಗದಿರಲಿ ಅಂತ. ಅಂಥ ಮುಳ್ಳು ಮಧ್ಯ ಬಿಟ್ಟು ಎದ್ದಿತು ಅಂದರೆ ವಿಷಯ ಆಗಲೇ ಗಂಭೀರ. ಅವುಗಳಲ್ಲಿ ಸ್ಕ್ಯಾನರ್ ಹಾಕಿ ಕಂಪ್ಯೂಟರ್ ಓದುತ್ತಿರುವ ಡಿಗ್ರಿಗೂ ಮುಳ್ಳಿಗೂ ತಾಳೆ ನೋಡುವುದು ಒಳ್ಳೆಯದು.

ಇನ್ನೆರಡು ಎಚ್ಚರಿಕೆ. ಒಂದು, ನನ್ನ ಕತೆ ಓದಿ ಮುಳ್ಳು ಏರಿದರೆ ‘ಅರ್ಥ್ ಇರಬೇಕು’ ಅಂತ ಓಡಿಸಿಕೊಂಡು ಹೋಗಬೇಡಿ. ಮೊದಲು ಬದಿಗೆ ನಿಲ್ಲಿಸಿ. ಲೈಟು, ಫ್ಯಾನು ಆರಿಸಿದ ತಕ್ಷಣ ಮುಳ್ಳು ಇಳಿದರೆ ವಿದ್ಯುತ್ತಿನ ಅನುಮಾನ. ಇಳಿಯದಿದ್ದರೆ ನಿಜವಾದ ಬಿಸಿಯೆಂದೇ ತಿಳಿದು ಇಂಜಿನ್ ಆರಿಸಿ. ಕೂಲೆಂಟ್ ಸೋರಿ ಖಾಲಿಯಾದರೆ ಸೆನ್ಸರ್ ಸುತ್ತ ನೀರೇ ಇಲ್ಲದೆ ಮುಳ್ಳು ಇದ್ದಕ್ಕಿದ್ದಂತೆ ತಣ್ಣಗೆ ಬೀಳುವುದೂ ಉಂಟು, ಅದು ಇನ್ನೂ ಅಪಾಯ. ಎರಡು, ಬಿಸಿ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಒಳಗೆ ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ಇರುವ ನೀರು, ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತೆ.

ವಾಪಸು ಬರುವಾಗ ಅಪ್ಪನೇ ಓಡಿಸಿದರು. ಕುವೆಂಪುನಗರ ದಾಟುವಾಗ ನಾನು, ‘ಅಪ್ಪ, ನಿಮ್ಮ ಪುಸ್ತಕ ನೋಡಿದೆ. ನೀವು ಹೇಳಿದ್ದೆಲ್ಲ ಸರಿಯಿತ್ತು. ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ’ ಅಂದೆ. ಅವರು ರಸ್ತೆ ನೋಡುತ್ತಲೇ, ‘ಲೈಟು ಅಂತ ಬಾಯಲ್ಲೂ ಹೇಳಿದ್ದೆ ಕಣೆ, ಎರಡು ಸಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಅಷ್ಟು ಖಾತ್ರಿಯಾಗಿ ಹೇಳಿದ್ಮೇಲೆ ನನಗೂ ಅನುಮಾನ ಬಂತು, ನನ್ನ ಕಣ್ಣೇ ಸರಿ ಇಲ್ಲವೇನೋ ಅಂತ. ಹೋಗಿ ಕಣ್ಣು ತೋರಿಸಿಕೊಂಡೂ ಬಂದೆ. ಡಾಕ್ಟ್ರು ಚೆನ್ನಾಗಿದೆ ಅಂದ್ರು’ ಅಂದರು. ಒಬ್ಬರೇ, ಬಸ್ಸಿನಲ್ಲಿ ಹೋಗಿದ್ದರಂತೆ. ನಮಗ್ಯಾರಿಗೂ ಹೇಳಿರಲಿಲ್ಲ.

ನನಗೆ ಉತ್ತರ ತೋಚಲಿಲ್ಲ. ಮುಳ್ಳು ತಪ್ಪು ತೋರಿಸಿದ್ದಕ್ಕಿಂತ, ಸರಿಯಾಗಿ ನೋಡುವ ಕಣ್ಣನ್ನು ನಾನು ಅನುಮಾನಿಸಿದ್ದು ದೊಡ್ಡ ತಪ್ಪು. ವಯಸ್ಸಾದವರ ಮಾತು ನಮ್ಮ ಅನುಭವಕ್ಕೆ ಹೊಂದದಿದ್ದರೆ ‘ವಯಸ್ಸಾಯ್ತು’ ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಅದಕ್ಕೆ ಖರ್ಚಿಲ್ಲ, ಶ್ರಮವಿಲ್ಲ. ಆದರೆ ಅವರು ಅದನ್ನು ನಂಬಿಬಿಡುತ್ತಾರೆ.

ಮುಂದಿನ ಶನಿವಾರ ಸಂಜೆ ಐದೂವರೆಗೆ ಅಪ್ಪ, ಅಮ್ಮ, ಪಾಯಸದ ಡಬ್ಬಿ, ಎಲ್ಲ ಹೊರಟಿತು. ಬಂಡಿಪಾಳ್ಯ, ಮಂಡಕಳ್ಳಿ, ಕಡಕೊಳ. ಎಂಟು ಗಂಟೆಗೆ ಅಮ್ಮನ ಫೋನ್ ಬಂತು. ‘ಅಕ್ಕ ಎರಡು ಲೋಟ ಪಾಯಸ ಕುಡಿದ್ಲು ಕಣೆ. ಈಗ ಹೊರಟ್ವಿ. ನಿಮ್ಮಪ್ಪ ಹೇಳ್ತಿದ್ದಾರೆ, ಲೈಟು ಹಾಕಿದ್ದಾರಂತೆ, ಮುಳ್ಳು ಅರ್ಧದಲ್ಲೇ ಇದೆಯಂತೆ.’

ಪೆಟ್ರೋಲ್ ಪುಸ್ತಕದ ಆ ಹೊಸ ಕಾಲಂ ಮಾತ್ರ ಅಪ್ಪ ಇನ್ನೂ ನಿಲ್ಲಿಸಿಲ್ಲ. ಪ್ರತಿ ಶನಿವಾರ ಬರೆಯುತ್ತಾರೆ. ಈಗ ನಾನೂ ಓದುತ್ತೇನೆ. ನಿಮ್ಮ ಮನೆಯಲ್ಲೂ ಹಿರಿಯರು ಯಾವುದೋ ಯಂತ್ರದ ಬಗ್ಗೆ ಮೂರು ಸಲ ಹೇಳಿ ಸುಮ್ಮನಾಗಿದ್ದರೆ, ಒಮ್ಮೆ ಪಕ್ಕದಲ್ಲಿ ಕೂತು ‘ಯಾವಾಗ ಆಗುತ್ತೆ?’ ಅಂತ ಕೇಳಿ ನೋಡಿ. ಏನು ಸಿಕ್ಕಿತು ಅಂತ ನಮಗೂ ಬರೆಯಿರಿ.